ಬೀಗರ ಊಟದಲ್ಲಿ ಅರವತ್ತು ಗ್ರಾಂ

ಬೀಗರ ಊಟದಲ್ಲಿ ಪ್ರೋಟೀನಿಗೆ ಬರವೇ? ಈ ಯೋಚನೆ ಹೊಳೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಒಳಗೆ ಹೋಗಲೇಬೇಕು ಎಂದು ಆಸ್ಪತ್ರೆಯ ಡಯಟಿಶಿಯನ್ ಹುಡುಗಿ ಕಟ್ಟಪ್ಪಣೆ ಮಾಡಿದ್ದಳು. ಕುರಿ, ಕೋಳಿ, ಲಿವರು, ಕೈಮ, ಮೊಟ್ಟೆ ಎಲ್ಲವೂ ಒಂದೇ ಎಲೆಯ ಮೇಲೆ ತಾವಾಗಿಯೇ ಬಂದು ಕೂರುವ ಜಾಗ ಇನ್ನೆಲ್ಲಿದೆ? ಹೋಗುವುದು, ಕೂರುವುದು, ಅರವತ್ತು ಗ್ರಾಂ ಮುಗಿಸಿ ಏಳುವುದು. ಇಷ್ಟು ಸುಲಭದ ಕೆಲಸವನ್ನು ಕೆಡಿಸಲು ವಿಶೇಷ ಪ್ರತಿಭೆ ಬೇಕು. ನನ್ನಲ್ಲಿ ಅದಿತ್ತು!

ನಾನು ಪುಟ್ಟರಾಜು. ಚನ್ನಪಟ್ಟಣದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದೇನೆ. ಮೊನ್ನೆ ಮೊನ್ನೆಯವರೆಗೆ ನನ್ನ ತೂಕ ನೂರಾ ಮೂವತ್ತು ಕೆ.ಜಿ. ರೈತರ ಪಂಪ್‌ಹೌಸಿಗೆ ಹೋದರೆ ಒಳಗೆ ಮೋಟಾರು ಇರಬೇಕು, ಇಲ್ಲವೇ ನಾನಿರಬೇಕು, ಇಬ್ಬರಿಗೂ ಜಾಗ ಸಾಲುತ್ತಿರಲಿಲ್ಲ. ಸಕ್ಕರೆ ಕಾಯಿಲೆ, ಮಂಡಿ ನೋವು, ಪಕ್ಕದ ಮನೆಯವರು ದೂರು ಕೊಡುವಂಥ ಗೊರಕೆ, ಎಲ್ಲ ಸೇರಿ ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ನನ್ನ ಜಠರವನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಮಾತ್ರ ಉಳಿಸಿದರು. ಪಚ್ಚಬಾಳೆಯೋ ಏಲಕ್ಕಿಯೋ ಎಂದು ಕೇಳಿದೆ. ಅವರು ನಗಲಿಲ್ಲ.

ಊರಿಗೆಲ್ಲ ಹರ್ನಿಯಾ ಆಪರೇಷನ್ ಎಂದು ಹೇಳಿದೆ. ಬಾಯಿ ಕಟ್ಟಲಾಗದೆ ಹೊಟ್ಟೆ ಕೊಯ್ಸಿಕೊಂಡ ಅಂತ ಜನ ಆಡಿಕೊಳ್ಳುತ್ತಾರೆಂಬ ನಾಚಿಕೆ. ನಿಜ ಗೊತ್ತಿದ್ದದ್ದು ಮೂವರಿಗೆ: ಹೆಂಡತಿ ಜಯ, ನನ್ನ ತಂಗಿ, ತಂಗಿಯ ಮಗಳು ಸೌಮ್ಯ.

ಆಮೇಲೆ ಶುರುವಾಯಿತು ನೋಡಿ ನನ್ನ ಹೊಸ ಬಾಳು! ಮೊದಲು ಬರೀ ನೀರಿನಂಥದ್ದು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ಒಂದು ಹೊತ್ತಿಗೆ ಒಂದು ಪುಟ್ಟ ಬಟ್ಟಲು. ಅನ್ನ, ಮುದ್ದೆ ತಿಂದರೆ ಅದೇ ಜಾಗ ತುಂಬಿಕೊಂಡು ಪ್ರೋಟೀನಿಗೆ ನಿಲ್ಲಲೂ ಸ್ಥಳವಿರುವುದಿಲ್ಲ. ಆದ್ದರಿಂದ ಮೊದಲು ಮೊಟ್ಟೆ, ಪನ್ನೀರು, ಮೊಸರು. ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು. ಊಟದ ಜೊತೆ ನೀರು ಮುಟ್ಟಕೂಡದು. ಉಳಿದ ಕೊರತೆಗೆ ಪ್ರೋಟೀನ್ ಪುಡಿ. ಆ ಪುಡಿಯ ರುಚಿಯನ್ನು ವರ್ಣಿಸಲಾರೆ. ಸುಣ್ಣ ಬಳಿದ ಗೋಡೆಗೆ ವೆನಿಲಾ ಸವರಿ ನೆಕ್ಕಿದರೆ ಹೀಗೇ ಇರಬಹುದು. ಅಷ್ಟೆಲ್ಲ ಮಾಡಿದರೂ ಸಂಜೆಯ ಹೊತ್ತಿಗೆ ಮೂವತ್ತೈದು ಗ್ರಾಂ ದಾಟುತ್ತಿರಲಿಲ್ಲ, ತಲೆಕೂದಲು ಬಾಚಣಿಗೆಗೆ ಬರುತ್ತಿತ್ತು.

ಹಸಿವು ಕಾಡಲಿಲ್ಲ. ಕಾಡಿದ್ದು ಬೇರೆ. ಬೆಳಿಗ್ಗೆ ಹನ್ನೊಂದಕ್ಕೆ ನನ್ನನ್ನು ತಟ್ಟೆ ಇಡ್ಲಿಗೆ ಎಳೆದುಕೊಂಡು ಹೋಗುತ್ತಿದ್ದ ಪಕ್ಕದ ಪೇಂಟ್ ಅಂಗಡಿಯ ನಾಗ, ನಾಲ್ಕು ಸಲ 'ಬೇಡ ಕಣ್ಲಾ' ಅಂದ ಮೇಲೆ ಕರೆಯುವುದನ್ನೇ ಬಿಟ್ಟ. ರಾತ್ರಿ ಟೀವಿ ಮುಂದೆ ನಾನೂ ಜಯಾನೂ ಅಕ್ಕಪಕ್ಕ ತಟ್ಟೆ ಇಟ್ಟುಕೊಂಡು ಧಾರಾವಾಹಿಯ ಸೊಸೆಯಂದಿರನ್ನು ಬೈಯುತ್ತಾ ಉಣ್ಣುತ್ತಿದ್ದೆವು. ಈಗ ನಾನು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಅವಳ ತಟ್ಟೆ ತೊಳೆದು ಮಗುಚಿ ಹಾಕಿರುತ್ತಿತ್ತು.

"ಯಾಕೆ, ಜೊತೇಲಿ ಉಣ್ಬಾರ್ದಾ?" ಅಂದೆ ಒಂದು ದಿನ.

"ನೀವು ಬಟ್ಲು ಹಿಡ್ಕೊಂಡು ಕೂತಿರೋವಾಗ ನಾನು ಮುದ್ದೆ ಮುರಿಯೋಕೆ ಮನಸ್ಸು ಬರಲ್ಲ ಕಣ್ರೀ" ಎಂದಳು. ಪ್ರೀತಿಯಿಂದಲೇ ಹೇಳಿದಳು. ಪ್ರೀತಿಯಿಂದ ಹೇಳಿದ್ದಕ್ಕೇ ಜಗಳವಾಡಲೂ ಆಗಲಿಲ್ಲ.

ಹೀಗೆ ನಾನು ಮತ್ತು ನನ್ನ ಮೊಟ್ಟೆ ಇಬ್ಬರೇ ಊಟಕ್ಕೆ ಕೂರತೊಡಗಿದೆವು. ಮೊಟ್ಟೆ ಹೆಚ್ಚು ಮಾತಾಡುವುದಿಲ್ಲ. ಒಂದು ಸಲವಾದರೂ ನಾಲ್ಕು ಜನರ ನಡುವೆ ಎಲೆ ಮುಂದೆ ಕೂತು, ಗಲಾಟೆ ಕೇಳುತ್ತಾ ಉಣ್ಣಬೇಕು ಅನ್ನಿಸುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದೊಂದು ಸಲ ಬಟ್ಟಲು ನೋಡಿ ಅಳು ಬರುತ್ತಿತ್ತು.

ಅಷ್ಟರಲ್ಲಿ ಸೌಮ್ಯಳ ಮದುವೆಯಾಯಿತು. ಅವಳ ಅಪ್ಪ ತೀರಿಕೊಂಡ ಮೇಲೆ ಅವಳು ಬೆಳೆದದ್ದು ನಮ್ಮ ಮನೆಯಲ್ಲೇ. ನಮಗೆ ಮಕ್ಕಳಿಲ್ಲ, ಅವಳೇ ಮಗಳು. ಮದುವೆ ದಿನ ಓಡಾಟದ ನೆಪದಲ್ಲಿ ಊಟ ತಪ್ಪಿಸಿಕೊಂಡೆ. ಆದರೆ ಬೀಗರ ಊಟ ಹಾಗಲ್ಲ. ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆಸಿ ಬಾಡೂಟ ಹಾಕಿಸುವ ದಿನ ಅದು. ಅವತ್ತು ಹೆಣ್ಣಿನ ಸೋದರಮಾವ ಮೊದಲ ಪಂಕ್ತಿಯಲ್ಲಿ ಕೂತು ಗಡದ್ದಾಗಿ ಉಂಡರೆ ಗಂಡಿನ ಮನೆಗೆ ಮರ್ಯಾದೆ. ಎಲೆ ಬಿಟ್ಟು ಮಧ್ಯದಲ್ಲೇ ಎದ್ದರೆ, ನಿಮ್ಮ ಮನೆಯ ಊಟ ನನಗೆ ಬೇಡ ಎಂದ ಹಾಗೆ.

ಸೌಮ್ಯ ಫೋನು ಮಾಡಿದಳು. "ಮಾವ, ನಮ್ಮಾವ ಎಂಟು ದಿನದಿಂದ ನಿನ್ ವಿಷ್ಯಾನೇ ಮಾತಾಡ್ತಾವ್ರೆ. 'ನಿಮ್ಮ ಸೋದರಮಾವ ಉಣ್ಣೋ ಗಟ್ಟಿಗ್ರಂತೆ, ಬರ್ಲಿ ನೋಡುಮ' ಅಂತಾವ್ರೆ. ಒಸಿ ತಿಂದಂಗೆ ಮಾಡು ಮಾವ. ನಾನಿಲ್ಲಿ ಹೊಸಬಳು."

"ನೀನ್ಯಾಕ್ ಹೆದರ್ತೀಯಾ? ನನಗೆ ಬೇಕಾಗಿರೋದೂ ಅದೇ!" ಎಂದೆ.

"ಮನೇಲೇ ಇದ್ಬುಡಿ, ಜ್ವರ ಅಂತೀನಿ" ಎಂದಳು ಜಯ. ನಾನು ಅವಳಿಗೆ ಪ್ರೋಟೀನಿನ ಮಹತ್ವದ ಬಗ್ಗೆ ಕಿರು ಭಾಷಣ ಮಾಡಿದೆ.

ಬೀಗರ ಊರು ಕಬ್ಬಾಳಿನ ಪಕ್ಕ. ಶಾಮಿಯಾನ, ಉದ್ದಕ್ಕೂ ಟೇಬಲ್ಲು, ಬಾಳೆ ಎಲೆ, ಗಾಳಿಯಲ್ಲೇ ಹೊಟ್ಟೆ ತುಂಬುವಷ್ಟು ಮಸಾಲೆ ವಾಸನೆ. ಸೌಮ್ಯಳ ಗಂಡನ ಅಪ್ಪ, ಬೀಗರು ಚನ್ನೇಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ ಬೀಗ್ರೇ, ಇಷ್ಟೊಂದ್ ಇಳ್ದೋಗಿದ್ದೀರಿ! ಇವತ್ತು ಎಲ್ಲಾ ವಾಪಸ್ ಬರ್ಸ್ತೀನಿ ಬನ್ನಿ" ಎಂದು ಕೈಹಿಡಿದು ಮೊದಲ ಪಂಕ್ತಿಯ ಮೊದಲ ಎಲೆಗೆ ಕರೆದೊಯ್ದರು.

ನಾನೇನು ಸಿದ್ಧತೆಯಿಲ್ಲದೆ ಬಂದಿರಲಿಲ್ಲ. ನಾಗನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. "ಡಾಕ್ಟರು ಜಾಸ್ತಿ ತಿನ್ಬೇಡ ಅಂದವ್ರೆ. ನನ್ನೆಲೇದನ್ನ ನಿನ್ನೆಲೆಗೆ ಸರಿಸ್ತೀನಿ, ನೀನು ಒಪ್ಪಿಸ್ಕೊ" ಎಂದಿದ್ದೆ. "ಇದ್ಯಾವ ಕಷ್ಟ ಬುಡ್ಲಾ, ಸ್ನೇಹ ಅಂದ್ರೆ ಇನ್ನೇನು" ಎಂದು ಅವನು ಷರಟಿನ ತೋಳು ಮಡಿಸಿದ್ದ.

ಮುದ್ದೆ ಬಂತು, ಬೋಟಿ ಗೊಜ್ಜು ಬಂತು, ಚಾಪ್ಸ್ ಬಂತು, ಕೈಮ ಉಂಡೆ ಬಂತು. ನಾನು ಒಂದು ಕೈಮ ಉಂಡೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ಸರಕ್ಕನೆ ನಾಗನ ಕಡೆ ತಳ್ಳಿದೆ. ಎಲೆ ಖಾಲಿ! ಎಂಥ ಉಪಾಯ!

ಆದರೆ ಖಾಲಿ ಎಲೆಗೆ ಏನು ಮಾಡುತ್ತಾರೆ? ಬಡಿಸುತ್ತಾರೆ! ಇದು ನನ್ನ ಉಪಾಯದಲ್ಲಿ ಇರಲಿಲ್ಲ. "ನೋಡ್ರಲಾ, ಉಣ್ಣೋದಂದ್ರೆ ಹಿಂಗೆ! ಬೀಗ್ರಿಗೆ ಇನ್ನೊಂದ್ ಮುದ್ದೆ ಬುಡ್ರಲಾ!" ಎಂದು ಚನ್ನೇಗೌಡರು ಕೂಗಿದರು. ಮತ್ತೆ ತಳ್ಳಿದೆ. ಮತ್ತೆ ಬಡಿಸಿದರು. ನಾನು ವೇಗವಾಗಿ ತಳ್ಳಿದಷ್ಟೂ ಅವರು ವೇಗವಾಗಿ ಬಡಿಸಿದರು. ಆಚೆ ಪಂಕ್ತಿಯವರು ಕತ್ತು ಚಾಚಿ ನನ್ನನ್ನು ನೋಡತೊಡಗಿದರು. ನಾಗನ ಹಣೆಯ ಮೇಲೆ ಬೆವರು ಮೂಡಿತು.

"ಲೇ, ಸಾಕು ಕಣ್ಲಾ" ಎಂದು ಪಿಸುಗುಟ್ಟಿದ.

"ಇನ್ನೊಂದೇ ಒಂದು ಲೆಗ್ ಪೀಸು."

"ಉಸ್ರಾಡೋಕಾಯ್ತಿಲ್ಲ. ಸ್ನೇಹಕ್ಕೂ ಒಂದು ಮಿತಿ ಐತೆ ಕಣ್ಲಾ!" ಎಂದು ಎಲೆಗೆ ಎರಡೂ ಕೈ ಅಡ್ಡ ಇಟ್ಟುಬಿಟ್ಟ.

ಅದೇ ಹೊತ್ತಿಗೆ ಚನ್ನೇಗೌಡರು ಸ್ವತಃ ಮುದ್ದೆ ತಟ್ಟೆ ಹಿಡಿದು ಬಂದರು. ತಮ್ಮ ಕೈಯಾರೆ ಮುದ್ದೆ ಇಟ್ಟು, ಲಿವರ್ ಫ್ರೈ ಸುರಿದು, ಎದುರಿಗೇ ನಿಂತರು. "ಊಂ, ಉಣ್ಣಿ. ನೀವುಣ್ಣೋದ್ನ ಕಣ್ತುಂಬ ನೋಡ್ಬೇಕು." ಅವರ ಹಿಂದೆ ಸೌಮ್ಯ, ತಲೆ ತುಂಬ ಮಲ್ಲಿಗೆ ಮುಡಿದು, ಉಸಿರು ಬಿಗಿಹಿಡಿದು ನಿಂತಿದ್ದಳು.

ಹೆದರಲಿಲ್ಲ. ನಿಯಮದ ಪ್ರಕಾರ ಮೊದಲು ಪ್ರೋಟೀನ್. ಒಂದು ಚೂರು ಲಿವರು ಬಾಯಿಗಿಟ್ಟು ಅಗಿಯತೊಡಗಿದೆ. ಮೂವತ್ತು ಸಲ ಅಗಿಯುವುದೆಂದರೆ ಬಹಳ ಹೊತ್ತು. ಎದುರಿಗೆ ಬೀಗರು ನಿಂತಿರುವಾಗ ಇನ್ನೂ ಬಹಳ ಹೊತ್ತು. ಚನ್ನೇಗೌಡರು ನನ್ನ ದವಡೆಯನ್ನೇ ನೋಡುತ್ತಿದ್ದರು. ಅವರ ಮುಖ ನಿಧಾನವಾಗಿ ಬಾಡಿತು.

"ಯಾಕ್ ಬೀಗ್ರೇ, ಬೆಂದಿಲ್ವಾ?"

ಬಾಯಲ್ಲಿ ಲಿವರು ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಕೊಡದ ಉತ್ತರವನ್ನು ಅವರು ತಾವೇ ಅರ್ಥ ಮಾಡಿಕೊಂಡರು. "ಯಾವನ್ಲಾ ಅವ್ನು ಭಟ್ಟ! ಕರೀರಿ ಅವನ್ನ! ಬೀಗ್ರಿಗೆ ಹಸೀ ಲಿವರ್ ಇಕ್ಕವ್ನೆ!" ಅಡುಗೆ ಭಟ್ಟ ಸೌಟು ಹಿಡಿದೇ ಓಡಿಬಂದ. ನನ್ನೆಲೆಯಿಂದಲೇ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು, "ಬೆಣ್ಣೆ ಆದಂಗಾಗದೆ ಗೌಡ್ರೇ! ಅವ್ರ ಹಲ್ಲು ನೋಡಿ ಮೊದ್ಲು!" ಎಂದು ತಿರುಗಿಬಿದ್ದ.

ಪಾಪದ ಮನುಷ್ಯ ನನ್ನ ದೆಸೆಯಿಂದ ಬೈಸಿಕೊಳ್ಳುತ್ತಿದ್ದಾನೆ, ಸೌಮ್ಯಳ ಕಣ್ಣಲ್ಲಿ ನೀರಿದೆ. ಏನಾದರೂ ಮಾಡಲೇಬೇಕಿತ್ತು. ಊಟ ಚೆನ್ನಾಗಿದೆ ಎಂದು ಜಗತ್ತಿಗೆ ತೋರಿಸಲು ಮುದ್ದೆ ಮುರಿದೆ, ಸಾರಿನಲ್ಲಿ ಅದ್ದಿದೆ, ಬಾಯಿಗಿಟ್ಟೆ.

ಮುದ್ದೆಯನ್ನು ನಾವು ಅಗಿಯುವುದಿಲ್ಲ. ನಮ್ಮಪ್ಪ ಅಗಿಯಲಿಲ್ಲ, ಅವರಪ್ಪನೂ ಅಗಿಯಲಿಲ್ಲ. ಮುದ್ದೆ ಅಗಿಯುವವನನ್ನು ನಮ್ಮ ಕಡೆ ಮಕ್ಕಳೂ ನೋಡಿ ನಗುತ್ತಾರೆ. ನಾಲಿಗೆ ಮೇಲಿಟ್ಟರೆ ಮುಗಿಯಿತು, ಗಂಟಲು ತಾನೇ ಎಳೆದುಕೊಳ್ಳುತ್ತದೆ. ಮೂವತ್ತು ಸಲ ಅಗಿಯುವ ನಿಯಮವನ್ನು ಡಯಟಿಶಿಯನ್ ಹುಡುಗಿ ನನಗೆ ಹೇಳಿದ್ದಳು, ನನ್ನ ಗಂಟಲಿಗೆ ಹೇಳಿರಲಿಲ್ಲ. ನಿಂಬೆಹಣ್ಣಿನ ಗಾತ್ರದ ತುತ್ತು ಗುಳುಂ ಎಂದು ಇಳಿಯಿತು!

ಇಳಿದದ್ದು ಅರ್ಧ ದಾರಿ ಮಾತ್ರ. ಎದೆಯ ನಡುವೆ ನಿಂತುಬಿಟ್ಟಿತು. ಕಣ್ಣಲ್ಲಿ ನೀರು ಧಾರಾಕಾರ. "ಖಾರ ಜಾಸ್ತಿ ಆಗದೆ, ನೀರು ಕುಡೀರಿ ಬೀಗ್ರೇ!" ಎಂದು ಚನ್ನೇಗೌಡರು ಲೋಟವನ್ನು ಬಾಯಿಗೇ ಹಿಡಿದರು. ಗಾಬರಿಯಲ್ಲಿ ಗಟಗಟನೆ ಕುಡಿದೆ. ಈಗ ಮುದ್ದೆಯ ಮೇಲೆ ಕೆರೆ! ಬಾಯಲ್ಲಿ ಜೊಲ್ಲು ಉಕ್ಕತೊಡಗಿತು. ಒಂದು ಬಿಕ್ಕಳಿಕೆ ಬಂತು, ಬಸ್ಸಿನ ಹಾರನ್ನಿನಂಥದ್ದು. ಇನ್ನೊಂದು ಕ್ಷಣ ಕೂತಿದ್ದರೆ ಎಲೆಯ ಮೇಲೇ ಅನಾಹುತವಾಗುತ್ತಿತ್ತು.

ಎದ್ದೆ. ಮೊದಲ ಪಂಕ್ತಿಯ ಮೊದಲ ಎಲೆಯಿಂದ, ಸೋದರಮಾವ, ಎದ್ದು ಓಡಿದೆ!

ಶಾಮಿಯಾನದೊಳಗೆ ಎಲ್ಲರ ಕೈ ತುತ್ತಿನ ಸಮೇತ ನಿಂತುಹೋಯಿತು. "ಎಲೆ ಬುಟ್ಟು ಎದ್ದೋದ್ರು!" ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಕೊಟ್ಟಿಗೆಯ ಹಿಂದಿನ ತೊಟ್ಟಿಯ ಬಳಿ ನನ್ನ ಅರವತ್ತು ಗ್ರಾಮಿನ ಯೋಜನೆ, ಅದರೊಂದಿಗೆ ಬೆಳಗಿನ ಮೊಟ್ಟೆಯೂ, ಹೊರಬಂದವು. ಜಯ ಬೆನ್ನು ನೀವುತ್ತಿದ್ದಳು. ಸೌಮ್ಯ ಅಳುತ್ತಾ ನಿಂತಿದ್ದಳು. ಅವಳ ಹಿಂದೆ ಚನ್ನೇಗೌಡರು, ಅವರ ಹಿಂದೆ ಊರು.

"ನಮ್ಮಿಂದ ಏನ್ ತಪ್ಪಾಯ್ತು ಹೇಳ್ಬುಡಿ ಬೀಗ್ರೇ" ಎಂದರು ಚನ್ನೇಗೌಡರು.

ಜಯ ತಡೆಯದಾದಳು. "ನಿಮ್ದೇನೂ ತಪ್ಪಿಲ್ಲ ಕಣಣ್ಣ! ಹರ್ನಿಯಾನೂ ಇಲ್ಲ, ಮಣ್ಣೂ ಇಲ್ಲ. ದಪ್ಪ ಕರಗ್ಲಿ ಅಂತ ಹೊಟ್ಟೆ ಕೊಯ್ಸಿ ಚಿಕ್ಕದ್ ಮಾಡ್ಸವ್ರೆ. ಒಂದ್ ಬಟ್ಲು ಹಿಡಿಯಲ್ಲ ಅದ್ರಲ್ಲಿ!"

ನಾನು ತೊಟ್ಟಿಯ ನೀರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ಅಲ್ಲ ಬೀಗ್ರೇ" ಎಂದರು ಚನ್ನೇಗೌಡರು ಕೊನೆಗೆ, "ಮೊದ್ಲೇ ಹೇಳ್ಬಾರ್ದಿತ್ತಾ? ಸುಮ್ಸುಮ್ನೆ ಭಟ್ಟನ್ನ ಉಗುದ್ನಲ್ಲ!" ಯಾರೋ ನಕ್ಕರು. ನೋಡಿದರೆ ಸೌಮ್ಯಾನೇ, ಅಳುತ್ತಲೇ ನಗುತ್ತಿದ್ದಳು. ಅವಳ ಅತ್ತೆ ಅವಳ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು. ಅವಳ ಮರ್ಯಾದೆ ಉಳಿಯಿತು. ನನ್ನದರ ವಿಚಾರ ಯಾರೂ ಕೇಳಲಿಲ್ಲ.

ಆಮೇಲೆ ಎಲ್ಲರೂ ನನ್ನನ್ನು ಬಹಳ ಚೆನ್ನಾಗಿ ನೋಡಿಕೊಂಡರು. ಅದೇ ತೊಂದರೆಯಾದದ್ದು. "ಗಲಾಟೇಲಿ ಬ್ಯಾಡ, ಒಳಗಡೆ ತಂಪಾಗಿ ಕುಂತ್ಕಳಿ" ಎಂದು ಒಳಕೋಣೆಗೆ ಕರೆದೊಯ್ದು, ಫ್ಯಾನು ಹಾಕಿ, ಬಾಗಿಲು ಮುಂದೆ ಮಾಡಿ ಹೋದರು. ಹೊರಗೆ ಪಂಕ್ತಿಯ ಗದ್ದಲ, ನಗು, "ಸಾರು, ಸಾರು" ಎಂಬ ಕೂಗು. ಇಷ್ಟು ದೂರ ಬಂದದ್ದು ನಾಲ್ಕು ಜನರ ನಡುವೆ ಕೂರಲಿಕ್ಕೆ. ಸಿಕ್ಕಿದ್ದು ಮತ್ತೊಂದು ಗೋಡೆ.

ಕೋಣೆಯಲ್ಲಿ ಮಂಚದ ಮೇಲೆ ಇನ್ನೊಬ್ಬರಿದ್ದರು. ಚನ್ನೇಗೌಡರ ತಾಯಿ, ನಿಂಗಮ್ಮ. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಸೌಮ್ಯ ಬಂದು ಇಬ್ಬರಿಗೂ ಒಂದೇ ಅಳತೆಯ ಎರಡು ಬಟ್ಟಲು ಕೊಟ್ಟು ಹೋದಳು. ಕೋಳಿ ಸೂಪು, ಅದರಲ್ಲಿ ಕಿವುಚಿದ ಮೊಟ್ಟೆ. ನನ್ನ ಬಟ್ಟಲು ನೋಡಿ, ಅವರ ಬಟ್ಟಲು ನೋಡಿದೆ. ವ್ಯತ್ಯಾಸವೇನೂ ಕಾಣಲಿಲ್ಲ.

"ನಿಂಗೂ ಹಲ್ಲಿಲ್ವಾ ಮಗ?" ಎಂದರು ಅಜ್ಜಿ.

"ಹಲ್ಲೈತೆ ಅಜ್ಜಿ. ಹೊಟ್ಟೆ ಇಲ್ಲ."

"ಸರ್ಯಾಯ್ತು ಬುಡು. ನಂಗೆ ಹೊಟ್ಟೆ ಐತೆ, ಹಲ್ಲಿಲ್ಲ." ಅಜ್ಜಿ ಗಹಗಹಿಸಿದರು. ಆಮೇಲೆ ಬಟ್ಟಲು ಊದುತ್ತಾ, "ಹಲ್ಲೋದ್ಮ್ಯಾಲೆ ನನ್ನ ಯಾರೂ ಪಂಕ್ತೀಗೆ ಕೂರ್ಸಲ್ಲ ಕಣಪ್ಪ. ಚೆನ್ನಾಗ್ ನೋಡ್ಕತಾರೆ. ಇಲ್ಲೇ ತಂದ್ಕೊಟ್ಟು ಹೋಯ್ತಾರೆ. ಒಬ್ಳೇ ಉಂಡ್ರೆ ಗಂಟ್ಲಾಗೆ ಇಳಿಯಕಿಲ್ಲ" ಎಂದರು.

ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. ಇಬ್ಬರೂ ನಿಧಾನವಾಗಿ ಕುಡಿಯತೊಡಗಿದೆವು. ಅವರು ಒಂದು ಗುಟುಕು, ನಾನು ಒಂದು ಗುಟುಕು. ಅವರು ತಮ್ಮ ಮದುವೆಯ ಬಾಡೂಟದಲ್ಲಿ ಉಪ್ಪು ಹಾಕುವುದನ್ನೇ ಮರೆತ ಕಥೆ ಹೇಳಿದರು. ನಾನು ನಾಗನ ಕಥೆ ಹೇಳಿದೆ. ಅಜ್ಜಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಷ್ಟೋ ದಿನದ ಮೇಲೆ ಸೂಪಿಗೆ ರುಚಿಯಿತ್ತು.

ಅಜ್ಜಿಯ ಬಟ್ಟಲು ಖಾಲಿಯಾದಾಗ ನನ್ನದು ಅರ್ಧವೂ ಆಗಿರಲಿಲ್ಲ. ಅವರು ನನ್ನ ಬಟ್ಟಲನ್ನೇ ನೋಡುತ್ತಾ, "ಇವತ್ತು ಒಸಿ ಜಾಸ್ತೀನೇ ಸೇರ್ತಾ ಐತೆ ಮಗ. ಜೊತೇಲಿ ನೀನಿದ್ದೀಯಲ್ಲ" ಎಂದರು.

ಹೊರಡುವ ಹೊತ್ತಾಯಿತೆಂದು ಜಯ ಬಾಗಿಲು ತೆಗೆದಳು. "ವ್ಯಾನ್ ಬಂತು, ಏಳಿ."

"ಒಂದ್ನಿಮಿಷ ಇರು, ಅಜ್ಜಿ ಸೂಪು ಕುಡೀತಾವ್ರೆ."

"ನಿಮ್ದಾಯ್ತಾ?"

"ನಂದನ್ನೇ ಕುಡೀತಿರೋದು."