ಒಂದು ರೂಪಾಯಿ ವಾಪಸ್

ಒಂದು ರೂಪಾಯಿ ವಾಪಸ್ ಕಳಿಸಲು ಅಸ್ಫಾಕನಿಗೆ ಖರ್ಚಾದದ್ದು ನೂರಾ ಎಪ್ಪತ್ತು ರೂಪಾಯಿ. ತುಕ್ಕಾನಟ್ಟಿಯಿಂದ ಗೋಕಾಕಕ್ಕೆ ಹೋಗಿಬರಲು ಬಸ್ಸಿಗೆ ಎಂಬತ್ತು, ಬ್ಯಾಂಕಿನ ಮುಂದೆ ಅರ್ಜಿ ಬರೆದುಕೊಟ್ಟವನಿಗೆ ಐವತ್ತು, ಬರೆಯುವಾಗ ಅವನು ತಿಂದ ಭಜಿಗೆ ಮೂವತ್ತು, ಝೆರಾಕ್ಸಿಗೆ ಹತ್ತು. ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ನಿಂತ ಲೆಕ್ಕ ಬೇರೆ.

ಅವತ್ತು ಬೆಳಿಗ್ಗೆ ಅವನು ಮೊಬೈಲಿನಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದದ್ದು ಮಸಗುಪ್ಪಿಯ ಪರಪ್ಪಗೌಡರ ನಲವತ್ತು ಸಾವಿರ ಅಡ್ವಾನ್ಸ್ ಬಂತೇನೋ ನೋಡಲು. ಕಬ್ಬು ಸಾಗಿಸುವ ಟ್ರೇಲರ್ ಮಾಡಿಕೊಡುವ ಮಾತಾಗಿತ್ತು. ಆ ರೊಕ್ಕ ಬಂದರೆ ಕಬ್ಬಿಣ, ಕಬ್ಬಿಣ ಬಂದರೆ ಈ ಹಂಗಾಮಿನ ಹೊಟ್ಟೆಪಾಡು. ಅದು ಬಂದಿರಲಿಲ್ಲ. ದಾಕ್ಷಾಯಿಣಿ ಎಂಬ ಹೆಸರಿನಿಂದ ಒಂದೇ ಒಂದು ರೂಪಾಯಿ ಬಂದು, ಲಗ್ನದ ಮನೆಯಲ್ಲಿ ಯಾರ ಕಡೆಯವನೆಂದು ಗೊತ್ತಿಲ್ಲದೆ ಉಣ್ಣುವವನ ಹಾಗೆ ಕೂತಿತ್ತು.

"ಸಾಯಿರಾ, ಈ ದಾಕ್ಷಾಯಿಣಿ ಯಾರ?"

"ಅದನ್ನ ನಾ ಕೇಳಬೇಕ್ರಿ, ನೀವ ಕೇಳಾಕತ್ತೀರಲ್ಲ!" ಎಂದಳು ಹೆಂಡತಿ.

ಬಾಜೂ ಅಂಗಡಿಯ ಸಿದ್ರಾಮನೂ ವೆಲ್ಡಿಂಗಿನವನೇ. ಕರೆಯದೆ ಬಂದು ಮೊಬೈಲಿಗೆ ಮೂಗು ತೂರಿಸಿದ. "ಇದು ಗಾಳ ಐತ್ಲೇ ಅಸ್ಫಾಕ! ಹಿಡಕಲ್ ಡ್ಯಾಮಿನಾಗ ನೋಡಿಲ್ಲೇನ? ಮೀನಿಗೆ ಮೊದಲ ಎರಿಹುಳಾ ತೋರಸ್ತಾರ."

"ಬಂದೈತಿ, ಹೋಗಿಲ್ಲಲ್ಲ. ಸುಮ್ಮ ಕೆಲಸ ನೋಡ್ರಿ," ಎಂದಳು ಸಾಯಿರಾ.

"ಇವತ್ತ ಒಂದ ರೂಪಾಯಿ ಕೊಟ್ಟಾವ್ರು ನಾಳಿಗೆ ಲಕ್ಷ ಎಳಿತಾರ. ನಾ ಅಂಜಾವಲ್ಲ! ಇವರಿಗೊಂದ ಪಾಠ ಕಲಸ್ತೇನಿ!" ಎಂದ ಅಸ್ಫಾಕ.

"ಹೋಗಿ ಬಾ. ನಿನ್ನ ಅಂಗಡಿ ಕಡೆ ನಾ ಲಕ್ಷ್ಯ ಇಟ್ಟಿರತೇನಿ," ಎಂದ ಸಿದ್ರಾಮ.

ಗೋಕಾಕದ ಬ್ಯಾಂಕಿನಲ್ಲಿ ಅಧಿಕಾರಿ ಅರ್ಜಿ ಓದಿ ಕನ್ನಡಕ ಹಣೆಗೇರಿಸಿದರು. "ನೋಡಪಾ, ಇಲ್ಲಿ ಸಿ.ಆರ್. ಅಂತ ಐತಿ. ಅಂದ್ರ ಜಮಾ. ಡಿ.ಆರ್. ಇದ್ರ ಹೋದಂಗ. ಬಾಜೂಕ ಇರೂದು ಕಳಿಸಿದವರ ಹೆಸರು. ನಿಂದೇನೂ ಹೋಗಿಲ್ಲ."

"ಹೋಗಿದ್ರ ಕಾರಣಾನರ ಗೊತ್ತಿರತಿತ್ರಿ ಸಾಹೇಬ್ರ. ಬಂದದ್ದಕ್ಕ ಬಂದೇನಿ!"

"ರೊಕ್ಕ ಬಂತಂತ ತಕರಾರ ಕೊಟ್ಟಾಂವ ನೀನ ಮೊದಲ್ನೇದಾಂವ. ಯಾರರ ಗಿರಾಕಿ ಇರಬೇಕು, ಸಮಾಧಾನದಿಂದ ಕೇಳು."

ಸರದಿಯಲ್ಲಿ ನಿಂತವರೆಲ್ಲ ನಕ್ಕರು. ಆ ನಗು ಅಸ್ಫಾಕನಿಗೆ ಬಿಸಿ ಕಬ್ಬಿಣ ನೀರಿಗೆ ಬಿದ್ದಂತೆ ಚುರ್ರೆಂದಿತು. ಹೊರಗೆ ಬಂದವನೇ ಸ್ಟೇಟ್‌ಮೆಂಟಿನಲ್ಲಿ ಹೆಸರಿನ ಮುಂದಿದ್ದ ನಂಬರಿಗೆ ಫೋನ್ ಹಚ್ಚಿದ.

"ಅಣ್ಣಾರ, ರೂಪಾಯಿ ಮುಟ್ಟೇನ್ರಿ?" ಹೆಣ್ಣುಮಗಳ ದನಿ ಬಹಳ ಮೆತ್ತಗಿತ್ತು.

"ಮುಟ್ಟೇತಿ! ಇಗಾ, ಹೊಂಟೈತಿ ವಾಪಸ್! ಗಾಳ ಬ್ಯಾರೆ ಕಡೆ ಹಾಕ್ರಿ, ತುಕ್ಕಾನಟ್ಟ್ಯಾಗ ಮೀನಿಲ್ಲ!"

"ಅಯ್ಯ, ಹಂಗಲ್ರಿ, ನಮ್ಮ ಮಾವಾರು ಹೇಳಿದ್ರು..."

"ಅಂದ್ರ ನಿಮ್ಮ ಮಾವನೂ ಕಳ್ಳನ ಅಂತಾತು!"

ಫೋನ್ ಕತ್ತರಿಸಿ, ರೂಪಾಯಿ ತಿರುಗಿಸಿ, ನಂಬರ್ ಬ್ಲಾಕ್ ಮಾಡಿ, ಕುಸ್ತಿ ಗೆದ್ದ ಪೈಲ್ವಾನನಂತೆ ಎದೆ ಉಬ್ಬಿಸಿ ಬಸ್ಸು ಹತ್ತಿದ.

ಊರಿಗೆ ಬಂದಾಗ ಸಿದ್ರಾಮನ ಅಂಗಡಿ ಮುಂದೆ ಪರಪ್ಪಗೌಡರ ಮೋಟಾರ್ ಸೈಕಲ್ ನಿಂತಿತ್ತು. ಒಳಗೆ ಗೌಡರು ಚಹಾ ಕುಡಿಯುತ್ತಿದ್ದರು.

"ಬಾ ತಮ್ಮಾ," ಎಂದರು ಗೌಡರು. "ನನಗ ಈ ಮೊಬೈಲ್ ಬರೂದಿಲ್ಲ. ನಂಬರ್ ಖರೆ ಐತೋ ಇಲ್ಲೋ ನೋಡಾಕ ನನ್ನ ಸೊಸಿ ದಾಕ್ಷಾಯಿಣಿ ಮೊದಲ ಒಂದ ರೂಪಾಯಿ ಹಾಕಿದ್ಲು. ಮುಟ್ಟಿತಂದ್ರ ಉಳದದ್ದು ಹಾಕಾಕಿ ಇದ್ಲು. ಕಳ್ಳನ ಟ್ರೇಲರ್ ನೀ ಯಾಕ ಮಾಡ್ತಿ? ಸಿದ್ರಾಮಗ ಹೇಳೇನಿ."

ಅಸ್ಫಾಕ ತಲೆ ತಗ್ಗಿಸಲಿಲ್ಲ. "ಅಂದದ್ದು ತಪ್ಪಾತ್ರಿ ಗೌಡ್ರ. ಆದ್ರ ಹೇಳದ ಕೇಳದ ರೂಪಾಯಿ ಬಂದ್ರ ಯಾವ ಶಾಣ್ಯಾನೂ ಹಿಂಗ ಮಾಡ್ತಾನ! ಕೇಳ್ರಿ ಸಿದ್ರಾಮ ಕಾಕಾನ್ನ, ಗಾಳ ಅಂದಾವ್ರ ಅವರ!"

ಅಷ್ಟರಲ್ಲಿ ಸಿದ್ರಾಮನ ಮೊಬೈಲ್ ಟಿಣ್ ಎಂದಿತು. ನೋಡಿದ, ಮುಖ ಅರಳಿತು.

"ದಾಕ್ಷಾಯಿಣಿ, ಒಂದ ರೂಪಾಯಿ! ಮುಟ್ಟೇತ್ರಿ ಗೌಡ್ರ. ಉಳದ ಮೂವತ್ತೊಂಬತ್ತ ಸಾವಿರದ ಒಂಬೈನೂರಾ ತೊಂಬತ್ತೊಂಬತ್ತ ಹಾಕಾಕ ಹೇಳ್ರಿ."

"ಕಾಕಾ! ಗಾಳ ಅಂದಿದ್ರಲ್ಲ?"

"ಗಾಳ ಅಂದದ್ದು ಖರೆ," ಎಂದ ಸಿದ್ರಾಮ, ಚಹಾದ ಕಪ್ಪು ಮುಂದೆ ಸರಿಸುತ್ತ. "ಹಾಕಿ ಕುಂತಾಂವ ಯಾರು ಅಂತ ನಾ ಹೇಳಿರಲಿಲ್ಲಲ್ಲೋ."

ಆ ದಿನ ಅಸ್ಫಾಕ ಕಳೆದುಕೊಂಡದ್ದು ನೂರಾ ಎಪ್ಪತ್ತು ರೂಪಾಯಿ ಮತ್ತು ಒಂದು ಟ್ರೇಲರ್. ಗಳಿಸಿದ್ದು ಒಂದು ರೂಪಾಯಿ. ಅದನ್ನೂ ವಾಪಸ್ ಕಳಿಸಿದ್ದ.