ಮುತ್ತಿನ ಬಣ್ಣದ ಹಳೇ ಡ್ರಮ್ ಸೆಟ್

ನಾನು ದನದ ಡಾಕ್ಟರ್. ಸೇಡಂ, ಚಿಂಚೋಳಿ, ಚಿತ್ತಾಪುರ ಅಂತ ವರ್ಗವಾಗುತ್ತ ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಮನೆ ಶಹಾಬಾದಿನಲ್ಲಿ. ಈ ನೌಕರಿಯಲ್ಲಿ ಯಾರನ್ನೂ ನಗಿಸದೆ ಸಂಜೆ ಮನೆ ಸೇರಿದ ದಿನಗಳೇ ಕಡಿಮೆ. ಆದರೆ ಹೋದ ವರ್ಷ ಹಳೇ ಡ್ರಮ್ ಸೆಟ್ ಹುಡುಕಲು ಹೊರಟೆ ನೋಡಿ, ಆಗ ಜನ ನಕ್ಕಷ್ಟು ಎಂದೂ ನಕ್ಕಿರಲಿಲ್ಲ.

ಆಸೆ ಹಳೆಯದು. ಕಾಲೇಜಿನಲ್ಲಿದ್ದಾಗ ವಾಡಿಯ ರೈಲ್ವೆ ಕಾಲೊನಿಯಲ್ಲಿ ಗೆಳೆಯನ ಅಕ್ಕನ ಮದುವೆಗೆ ಹೋಗಿದ್ದೆ. ನಿವೃತ್ತ ಎಂಜಿನ್ ಡ್ರೈವರ್ ಒಬ್ಬರು ಡ್ರಮ್ ಸೆಟ್ ಹಿಂದೆ ಕುಂತು ಬಾರಿಸುತ್ತಿದ್ದರು. ಮುತ್ತಿನ ಬಣ್ಣದ ಡ್ರಮ್ಮುಗಳು, ಮೇಲೆ ಹಿತ್ತಾಳೆ ಬಣ್ಣದ ಅಗಲ ತಟ್ಟೆ, ಸಿಂಬಲ್. ಊಟಕ್ಕೂ ಏಳದೆ ನೋಡುತ್ತಿದ್ದ ನನಗೆ ಕಡ್ಡಿ ಕೊಟ್ಟು, "ಒಂದು ಏಟು ಹಾಕು" ಅಂದರು. ಹಾಕಿದೆ. ಆ ಸಿಂಬಲ್ಲಿನ ದನಿ ನಿಧಾನಕ್ಕೆ ಸಣ್ಣದಾಗುತ್ತ ಹೋಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಓದು, ನೌಕರಿ, ಮದುವೆ, ಮಕ್ಕಳು. ಡ್ರಮ್ ತಗೋಬೇಡ ಅಂತ ಯಾರೂ ಅನ್ನಲಿಲ್ಲ. ನಾನೇ ಕೇಳಲಿಲ್ಲ.

ದಂಡೋತಿಯ ಎಮ್ಮೆ

ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೆ ನಾವು ಅದರ ಎಡಪಕ್ಕೆಯ ಹಿಂದೆ ಬೆರಳಿನಿಂದ ಬಡಿದು ನೋಡುತ್ತೇವೆ. ಒಳಗೆ ಗಾಳಿ ತುಂಬಿದ್ದರೆ ಡಮ್ ಡಮ್ ಅನ್ನುತ್ತದೆ. ದಂಡೋತಿಯ ಒಬ್ಬ ಅಜ್ಜಿಯ ಎಮ್ಮೆಗೆ ಹೀಗಾಗಿತ್ತು. ಬಡಿದೆ. ಅದೆಂಥಾ ದನಿ ಅಂತೀರಿ! ಇನ್ನೊಮ್ಮೆ ಬಡಿದೆ. ನಡುವೆ ಎರಡು ಸಣ್ಣ ಏಟು ಸೇರಿಸಿದೆ. ಕಣ್ಣು ತಾನಾಗಿ ಮುಚ್ಚಿತು.

ಅಜ್ಜಿ ಸೆರಗು ಬಾಯಿಗೆ ಹಚ್ಚಿ ಕೇಳಿದಳು: "ಡಾಕ್ಟರ್ ಸಾಬ್, ಎಮ್ಮಿ ಉಳೀತದೇನ್ರಿ?"

"ಉಳೀತದ ಬೇ, ಉಳೀತದ. ಆವಾಜ್ ಭಾಳ ಚಲೋ ಅದ."

ಔಷಧ ಕುಡಿಸಿದೆ, ಗಾಳಿ ಹೋಯಿತು, ಎಮ್ಮೆ ಮೆಲುಕು ಹಾಕಿತು. ಅಜ್ಜಿಗೆ ಸಂತೋಷ. ಅಷ್ಟು ಒಳ್ಳೇ ದನಿ ಹೋಯಿತಲ್ಲ ಅಂತ ನನಗೊಂದು ಸಣ್ಣ ಬೇಜಾರು. ಮನೆಗೆ ಬಂದು ಇದನ್ನ ಹೆಂಡತಿಗೆ ಹೇಳಿದೆ. ನಮ್ಮಾಕಿ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು.

"ಒಂದು ಡ್ರಮ್ ತಗೊಂಡುಬಿಡ್ರಿ," ಅಂದಳು. "ಮಂದಿ ಎಮ್ಮಿ ಬಿಟ್ಟುಬಿಡ್ರಿ."

ರಾವೂರಿನ ಜೋಡಿ

ಹೊಸ ಸೆಟ್ಟುಗಳು ಫೋನಿನಲ್ಲೇ ಸಿಗುತ್ತವೆ. ಒಂದೆರಡು ನೋಡಿದೆ. ಎಲ್ಲಾ ಸ್ಟೀಲ್ ಅಂಗಡಿಯ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು, ಮನಸ್ಸು ಹೋಗಲಿಲ್ಲ. ಮರ ಚೆನ್ನಾಗಿ ಒಣಗಿರಬೇಕು, ಯಾರೋ ವರ್ಷಗಟ್ಟಲೆ ಬಾರಿಸಿ ಬಾರಿಸಿ ದನಿ ಪಳಗಿರಬೇಕು, ಅಂಥದು ನನಗೆ ಬೇಕಿತ್ತು. ಹೋದ ಹಳ್ಳಿಯಲ್ಲೆಲ್ಲ "ಹಳೇ ಡ್ರಮ್ ಇದ್ರ ಹೇಳ್ರೀಪಾ" ಅನ್ನತೊಡಗಿದೆ.

ರಾವೂರಿನ ರೈತನೊಬ್ಬ ಫೋನ್ ಮಾಡಿದ: "ಎರಡು ಅದಾವ ನೋಡ್ರಿ. ಬರ್ರಿ, ತೊಳದು ಮನಿ ಮುಂದ ಇಟ್ಟೀನಿ."

ಅವತ್ತು ಸೂಜಿ, ಔಷಧದ ಬ್ಯಾಗಿನಲ್ಲಿ ಹೊಸದಾಗಿ ತರಿಸಿದ ಡ್ರಮ್ ಕಡ್ಡಿಗಳೂ ಇದ್ದವು. ಹೋಗಿ ನೋಡಿದರೆ ಅಂಗಳದಲ್ಲಿ ನೀರು ತುಂಬುವ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು, ಮುಚ್ಚಳ ಸಮೇತ. ಅವನ ಮುಖದ ಹುರುಪು ಕೆಡಿಸಲು ಮನಸ್ಸಾಗದೆ ಮೆಲ್ಲಗೆ ಹೇಳಿದೆ, "ಅಣ್ಣಾ, ನನಗ ಬಾರಿಸೋದು ಬೇಕಾಗಿತ್ತು."

"ಬಾರಿಸ್ರಿ ಡಾಕ್ಟರ್!" ಅವನೇ ಗುದ್ದಿ ತೋರಿಸಿದ. "ಎಷ್ಟ್ ಬೇಕಷ್ಟ್ ಬಾರಿಸ್ರಿ. ಒಂದು ಹನಿ ಸೋರಂಗಿಲ್ಲ!"

ಚಿತ್ತಾಪುರದ ಕುದುರೆ

ಚಿತ್ತಾಪುರದ ಮದುವೆ ಬ್ಯಾಂಡಿನ ಉಸ್ತಾದರ ಅಂಗಡಿಯಲ್ಲಿ ಖರೇ ಡ್ರಮ್ ಸೆಟ್ಟೇ ಇತ್ತು. ಅವರ ತಂದೆ ಬಾರಿಸುತ್ತಿದ್ದದ್ದು. ಈಗ ಎಲ್ಲರೂ ಡಿಜೆ ಕೇಳುವುದರಿಂದ ಮೂಲೆ ಸೇರಿತ್ತು. ಉಸ್ತಾದರು ಹೆಗಲ ಮೇಲಿನ ಟವೆಲ್ಲಿನಿಂದ ಧೂಳು ಒರೆಸಿದರು. ದೊಡ್ಡ ಡ್ರಮ್ಮಿನ ಮರ ಮೇಲಿಂದ ಕೆಳತನಕ ಸೀಳಿತ್ತು. ಕಾಲಿನಿಂದ ಒತ್ತುವ ಪೆಡಲ್ ಮುರಿದಿತ್ತು. ಇದು ಆಗಲಿಕ್ಕಿಲ್ಲ ಅಂತ ನನಗೆ ನೋಡಿದ ಕೂಡಲೇ ತಿಳಿಯಿತು. ಉಸ್ತಾದರಿಗೂ ತಿಳಿಯಿತು.

"ಇರ್ಲಿ ಸಾಬ್, ಬಂದೀರಿ, ಒಮ್ಮಿ ಬಾರಿಸಿ ಹೋಗ್ರಿ," ಅಂದರು. "ಇದರ ಆವಾಜ್ ಕೇಳಿ ಭಾಳ ದಿನ ಆತು."

ಉಳಿದ ಡ್ರಮ್ಮುಗಳ ಮೇಲೆ ಶುರು ಮಾಡಿದೆ. ಹೊರಗೆ ಆವತ್ತಿನ ಮದುಮಗನಿಗಾಗಿ ಸಿಂಗರಿಸಿದ ಕುದುರೆ ನಿಂತಿತ್ತು. ಡ್ರಮ್ ಕೇಳಿದ್ದೇ ಮೆರವಣಿಗೆ ಹೊರಟಿತು ಅಂದುಕೊಂಡ ಅದು, ಕುಣಿಯುತ್ತ ಒಂಟಿಯಾಗಿ ಫಂಕ್ಷನ್ ಹಾಲಿನ ಕಡೆ ನಡೆದೇ ಬಿಟ್ಟಿತು. ನಾವಿಬ್ಬರೂ ಹಿಂದೆ ಓಡಿದೆವು. ನಾನು ಲಗಾಮು ಹಿಡಿಯುವಷ್ಟರಲ್ಲಿ ಕುದುರೆ ಫಂಕ್ಷನ್ ಹಾಲಿನ ಬಾಗಿಲು ಮುಟ್ಟಿತ್ತು. ಹೆಣ್ಣಿನ ಕಡೆಯವರು ಹೂವಿನ ತಟ್ಟೆ ಹಿಡಿದು ಮದುಮಗನ ದಾರಿ ಕಾಯುತ್ತ ನಿಂತಿದ್ದರು. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಡ್ರಮ್ ಕಡ್ಡಿ, ಬೋಳು ತಲೆಯಿಂದ ಇಳಿಯುವ ಬೆವರು. ಎಲ್ಲರೂ ನನ್ನನ್ನೇ ನೋಡಿದರು.

ಕನ್ನಡಕ ಏರಿಸಿ ಒಬ್ಬ ಹಿರೀಕಿ ಪಕ್ಕದವಳ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು: "ಫೋಟೋದಾಗ ತಲಿ ಮ್ಯಾಲೆ ಕೂದಲಾ ಇದ್ದುವಲ್ಲ!"

ಚಿಂಚೋಳಿಯಲ್ಲಿ ಪರೀಕ್ಷೆ

ಕುದುರೆಯನ್ನು ವಾಪಸ್ ತಂದ ಮೇಲೆ ಉಸ್ತಾದರೇ ಚಿಂಚೋಳಿಯ ಒಂದು ಮನೆಯ ಗುರುತು ಹೇಳಿದರು. ಅಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ಅವರ ಗಂಡ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತರುಣರಿದ್ದಾಗ ಹೈದರಾಬಾದಿನಿಂದ ಡ್ರಮ್ ಸೆಟ್ ತಂದು ಸಾಯುವ ತನಕ ಬಾರಿಸಿದ್ದರಂತೆ. ಅವರು ತೀರಿ ಮೂರು ವರ್ಷವಾಗಿತ್ತು.

ನರ್ಸಮ್ಮ ಸೆಟ್ಟಿನ ಮೇಲೆ ಹೊದಿಸಿದ್ದ ಕೌದಿ ಸರಿಸಿದರು. ಮುತ್ತಿನ ಬಣ್ಣ. ಹಳದಿಗೆ ತಿರುಗಿ ತುಪ್ಪದ ಹಾಗೆ ಕಾಣುತ್ತಿತ್ತು. ನಾನು ಕುಕ್ಕರುಗಾಲಿನಲ್ಲಿ ಕುಂತು ಪರೀಕ್ಷೆಗೆ ಇಳಿದೆ. ಮರದ ಮೇಲೆ ಕೈಯಾಡಿಸಿದೆ, ಸೀಳು ಇದೆಯೇ ಅಂತ ಕೆಳಗೆ ಬಗ್ಗಿ ನೋಡಿದೆ, ಪಕ್ಕಕ್ಕೆ ಕಿವಿ ಹಚ್ಚಿ ಬೆರಳಿನಿಂದ ಬಡಿದೆ, ಸುತ್ತ ಎರಡು ಸಲ ತಿರುಗಿದೆ.

"ಹಲ್ಲೊಂದು ನೋಡೋದು ಉಳೀತು ನೋಡ್ರಿ ಡಾಕ್ಟರೇ," ಅಂದರು ನರ್ಸಮ್ಮ.

ಆಮೇಲೆ ನನ್ನ ಪರೀಕ್ಷೆ ಶುರುವಾಯಿತು. ಕುಡೀತೀರೇನು? ಮನಿ ಸೋರ್ತದೇನು? ದಿನಾ ಬಾರಿಸ್ತೀರೋ, ತಂದು ಮೂಲ್ಯಾಗ ಇಡ್ತೀರೋ? ಕಡೆಗೆ, "ಬಾರಿಸ್ರಿ." ಬಾರಿಸಿದೆ. ಕಾಲು ಒಂದು ಕಡೆ, ಕೈ ಒಂದು ಕಡೆ. ಸಿಂಬಲ್ ಹೊಡೆದಾಗ ಮಾತ್ರ ಆ ಹಳೇ ದನಿ ಎದ್ದು ನಿಧಾನಕ್ಕೆ ಕರಗಿತು. ಅದು ಪೂರ್ತಿ ನಿಂತ ಮೇಲೆ ಕಡ್ಡಿ ಕೆಳಗಿಟ್ಟೆ.

"ನನಗ ಬರಂಗಿಲ್ರಿ ಅಮ್ಮಾ," ಅಂದೆ. "ಆಸಿ ಅಷ್ಟೇ ಅದ."

ನರ್ಸಮ್ಮ ಕಣ್ಣು ಒರೆಸಿಕೊಂಡರು. "ನಿಮ್ಮಕಿಂತ ಮೊದಲ ಇಬ್ಬರು ಬಂದಿದ್ರು. ಭಾಳ ಚಲೋ ಬಾರಿಸಿದ್ರು. ಇದು ನಮ್ಮನಿ ಡ್ರಮ್ಮೇ ಅಲ್ಲ ಅನಸ್ತು, ಕೊಡಲಿಲ್ಲ. ನೀವು ಥೇಟ್ ನಮ್ಮನಿಯವರಂಗ ತಪ್ಪು ಬಾರಿಸ್ತೀರಿ. ಒಯ್ರಿ."

ಶಹಾಬಾದಿನಲ್ಲಿ ಐತವಾರ

ನರ್ಸಮ್ಮ ಒಂದೇ ಕರಾರು ಹಾಕಿದ್ದರು: ವಾರಕ್ಕೊಮ್ಮೆ, ಐತವಾರ ರಜೆಯ ಮಧ್ಯಾಹ್ನ, ಫೋನ್ ಹಚ್ಚಿ ಬಾರಿಸಿ ಕೇಳಿಸಬೇಕು.

ಮೊದಲ ಐತವಾರ ಪಡಸಾಲೆಯಲ್ಲಿ ಸೆಟ್ ಜೋಡಿಸಿ, ಫೋನಿನ ಸ್ಪೀಕರ್ ಹಾಕಿ ಕುರ್ಚಿಯ ಮೇಲಿಟ್ಟೆ. "ಶುರು ಮಾಡ್ಲೇನ್ರಿ ಅಮ್ಮಾ?" "ಮಾಡ್ರಿ ಮಾಡ್ರಿ, ನಾ ಕೆಲಸ ಮಾಡಕೋತ ಕೇಳ್ತೀನಿ," ಅಂದರು. ನಮ್ಮಾಕಿ ಒಳಗೆ ಅಡುಗೆ ಮನೆಯಲ್ಲಿದ್ದಳು. ನಾನು ಶುರು ಮಾಡಿದೆ. ವಾಡಿಯಲ್ಲಿ ಒಂದೇ ಏಟು ಹಾಕಿ ಬಂದವನು, ಉಳಿದ ಏಟುಗಳನ್ನೆಲ್ಲ ಅವತ್ತೇ ಹಾಕುವವನ ಹಾಗೆ ಬಾರಿಸಿದೆ. ಅಂಗಿ ತೊಯ್ದಿತು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

ಆಗ ಡ್ರಮ್ಮಿನ ಸಪ್ಪಳವನ್ನೂ ಮೀರಿಸಿ ಒಂದು ಕೂಗು ಕೇಳಿತು:

"ಏನ್ರೀ, ಸಾಕ್ ಮಾಡ್ರೀ! ರೊಟ್ಟಿ ಆರಾಕತ್ಯಾವ, ಉಣ್ಣಾಕ ಬರ್ರಿ!"

ನನ್ನ ಕೈ ಗಾಳಿಯಲ್ಲೇ ನಿಂತಿತು. ಕೂಗು ಬಂದ ಫೋನಿನಿಂದಲೇ ಈಗ ನರ್ಸಮ್ಮನ ದನಿ ಸಣ್ಣಗೆ ಬಂತು: "ತಪ್ಪಾತ್ರಿ ಡಾಕ್ಟರೇ... ನಮ್ಮನಿಯವರೇ ಬಾರಿಸಾಕತ್ಯಾರ ಅಂದ್ಕೊಂಡು... ಬಾಯಿ ರೂಢಿರಿ." ಫೋನ್ ಇಟ್ಟುಬಿಟ್ಟರು. ನಾನು ಕಣ್ಣು ತುಂಬಿ ಕುಂತಿದ್ದೆ.

ಅಷ್ಟರಲ್ಲಿ ಅಡುಗೆ ಮನೆಯ ಬಾಗಿಲಲ್ಲಿ ನಮ್ಮಾಕಿ ಬಂದು ನಿಂತಳು. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ನನ್ನನ್ನ ನೋಡಿದಳು, ಫೋನ್ ನೋಡಿದಳು.

"ನಾ ಇನ್ನಾ ಹಿಟ್ಟು ನಾದಾಕತ್ತೀನಿ," ಅಂದಳು. "ಯಾವಾಕಿರೀ ಆಕಿ, ನಿಮಗ ರೊಟ್ಟಿ ಮಾಡಿ ಕರಿಯಾಕತ್ತಾಕಿ?"