ಗಾಜಿನ ಬೀರುವಿನ ಬ್ರಾಂದಿ

ಕಂಬಂ ಕಣಿವೆಯ ಗೂಡಲೂರಿನಲ್ಲಿ ನನ್ನಂಥ ಚತುರ ಏಲಕ್ಕಿ ವ್ಯಾಪಾರಿ ಇನ್ನೊಬ್ಬನಿಲ್ಲ ಎಂದು ಆ ಭಾನುವಾರದವರೆಗೆ ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಕುಮಳಿ ಘಾಟಿಯ ಮೇಲೆ, ಕೇರಳದ ಕಡೆ, ಒಂದು ದೊಡ್ಡ ಏಲಕ್ಕಿ ತೋಟವಿತ್ತು. ಅದರ ಮ್ಯಾನೇಜರನ್ನು ಊರೆಲ್ಲ ‘ದೊರೆ’ ಎನ್ನುತ್ತಿತ್ತು. ಆ ವರ್ಷದ ಫಸಲನ್ನು ನನಗೇ ಕೊಡಿ ಎಂದು ಕೇಳಲು ಅವರ ಬಂಗಲೆಗೆ ಹೋದೆ. ನಡುಮನೆಯಲ್ಲಿ ಗಾಜಿನ ಬೀರು, ಒಳಗೆ ಸಾಲಾಗಿ ಬಣ್ಣಬಣ್ಣದ ಸೀಸೆಗಳು.

“ಒಂದು ಗ್ಲಾಸ್ ತಗೊಳ್ತೀರಾ?” ಎಂದರು ದೊರೆ.

ನಾನು ಜನ್ಮದಲ್ಲಿ ಅದನ್ನು ಮುಟ್ಟಿದವನಲ್ಲ. ಹಾಗೆನ್ನಲು ನಾಚಿಕೆಯಾಯಿತು. “ಬೆಳಗ್ಗೆ ಹೊತ್ತು ಬೇಡ ದೊರೆ. ನಮ್ಮ ಮನೆಯಲ್ಲೂ ಇಂಥದೇ ಬೀರು ಇದೆ” ಎಂದೆ.

“ಮದ್ರಾಸ್ ರಾಜ್ಯದಲ್ಲಾ? ಅಲ್ಲಿ ಕುಡಿದರೆ ಜೈಲಲ್ಲವೇ?”

“ನನಗೆ ಪರ್ಮಿಟ್ ಇದೆ. ಡಾಕ್ಟರ್ ಹೇಳಿದ್ದಾರೆ.”

ದೊರೆಗೆ ಬಹಳ ಸಂತೋಷವಾಯಿತು. ಬರುವ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತೇನೆ, ವ್ಯಾಪಾರ ಅಲ್ಲೇ ಮುಗಿಸೋಣ ಎಂದರು.

ಬಸ್ಸಿನಲ್ಲಿ ಘಾಟಿ ಇಳಿಯುವಾಗ ಪರಿಸ್ಥಿತಿಯನ್ನು ಪರಿಶೀಲಿಸಿದೆ. ಸೀಸೆಗಳ ಬೀರು ಇರಲಿಲ್ಲ. ಸಾರಾಯಿ ಇರಲಿಲ್ಲ. ಪರ್ಮಿಟ್ ಇರಲಿಲ್ಲ. ಇದ್ದದ್ದು ಪಕ್ಕದ ಮನೆಯಲ್ಲಿ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಕರುಪ್ಪಯ್ಯ. ನಾವು ಅವರನ್ನು ‘ಏಟ್ಟಯ್ಯಾ’ ಎಂದು ಕರೆಯುತ್ತಿದ್ದೆವು.

ಆದರೂ ನಾನು ಎದೆಗುಂದಲಿಲ್ಲ. ಹೆಂಡತಿ ಬೊಮ್ಮಕ್ಕನ ಹಿತ್ತಾಳೆ ಪಾತ್ರೆಗಳನ್ನು ಕೆಳಗಿಳಿಸಿ ಅವಳ ಗಾಜಿನ ಬೀರುವನ್ನು ವಶಪಡಿಸಿಕೊಂಡೆ. ಕಂಬಂ ಸಂತೆಯ ಹಳೇ ಸೀಸೆಯವನಿಂದ ಎಸ್ಟೇಟುಗಳ ಖಾಲಿ ಬಾಟಲಿಗಳನ್ನು ತಂದೆ. ಬ್ರಾಂದಿಯ ಬಾಟಲಿಗೆ ಕಡು ಟೀ, ವಿಸ್ಕಿಯದಕ್ಕೆ ತೆಳು ಟೀ. ರಮ್ಮಿನ ಬಣ್ಣ ಟೀಯಲ್ಲಿ ಬರಲಿಲ್ಲವಾದ್ದರಿಂದ ಅದಕ್ಕೆ ಬೆಲ್ಲದ ಪಾನಕ ತುಂಬಿ ಬಿರಡೆ ಬಿಗಿದೆ.

“ಕುಡಿಯಾಕಾಗದ್ದ ಯಾಕ್ ಇಕ್ಕಾದು?” ಎಂದಳು ಬೊಮ್ಮಕ್ಕ.

“ನೋಡೋಕೆ. ಪರ್ಮಿಟ್ ನನ್ನ ಹೆಸರಲ್ಲಿದೆ, ಬೇರೆಯವರಿಗೆ ಕೊಡೋಹಂಗಿಲ್ಲ ಅಂತ ಹೇಳ್ತೀನಿ.”

“ಆ ದೊರೆ ಏಲಕ್ಕಿ ಮಾರಾಕ್ ಬತ್ತಾರಾ, ಬೀರು ನೋಡಾಕ್ ಬತ್ತಾರಾ?”

ಹೆಂಗಸರಿಗೆ ವ್ಯಾಪಾರದ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡು ಸೀಸೆಗಳನ್ನು ಸಾಲಾಗಿ ಜೋಡಿಸಿದೆ.

ಭಾನುವಾರ ದೊರೆ ಬಂದರು. ಬೀರುವನ್ನು ನೋಡಿ ತಲೆದೂಗಿದರು. ಪರ್ಮಿಟ್ಟಿನ ಕಾನೂನನ್ನು ವಿವರಿಸಿದೆ; ಅದಕ್ಕೂ ತಲೆದೂಗಿದರು. ಎಲೆ ಹಾಕಿ, ಕೋಳಿ ಸಾರು ಬಡಿಸಿ, ಏಲಕ್ಕಿ ದರದ ಮಾತು ತುಟಿಗೆ ಬಂದಿತ್ತು. ಆಗ ಬೀರುವಿನೊಳಗೆ ‘ಢಬ್’ ಎಂದು ಸದ್ದಾಯಿತು. ಬಾಗಿಲ ಗಾಜು ಸಿಡಿದು ನೆಲದ ಮೇಲೆ ಬಿತ್ತು.

ಬೇಸಗೆಯ ಸೆಕೆಗೆ ಪಾನಕ ಹುಳಿತು, ಉಬ್ಬಿ, ಬಿರಡೆಯನ್ನು ಹಾರಿಸಿತ್ತು. ರಮ್ಮು ನೊರೆಗಟ್ಟಿ ಬೀರುವಿನಿಂದ ಇಳಿಯುತ್ತಿತ್ತು. ಮನೆಯೆಲ್ಲ ಕಳ್ಳಿನ ವಾಸನೆ. ನಾನು ತೋರಿಕೆಗೆಂದು ತಂದ ಅಷ್ಟೂ ಸೀಸೆಗಳಲ್ಲಿ ಅದೊಂದು ಮಾತ್ರ ತಾನಾಗಿಯೇ ನಿಜವಾಗಿಬಿಟ್ಟಿತ್ತು.

ಸದ್ದು ಕೇಳಿ ಪಕ್ಕದ ಮನೆಯಿಂದ ಏಟ್ಟಯ್ಯ ಓಡಿ ಬಂದರು. ಮೂಗರಳಿಸಿದರು. ಬೀರು ನೋಡಿದರು.

“ಏನಯ್ಯಾ ಇದು?”

ನಾನು ಬಾಯಿ ತೆರೆಯುವ ಮೊದಲೇ ದೊರೆ ನನ್ನ ರಕ್ಷಣೆಗೆ ಬಂದರು. “ಗಾಬರಿ ಬೇಡ. ಇವರ ಹತ್ತಿರ ಪರ್ಮಿಟ್ ಇದೆ. ತೋರಿಸಿ ಸ್ವಾಮಿ.”

ಬ್ರಾಂದಿ ಎಂದರೆ ಜೈಲು. ಟೀ ಎಂದರೆ ಫಸಲು ಹೋಯಿತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಸಾರಿನ ಸೌಟನ್ನು ಕೆಳಗಿಟ್ಟೆ.

“ಪರ್ಮಿಟ್ ಇಲ್ಲ ಏಟ್ಟಯ್ಯಾ,” ಎಂದೆ. “ಬ್ರಾಂದಿನೂ ಇಲ್ಲ. ಟೀ.”

ಏಟ್ಟಯ್ಯ ನಂಬಲಿಲ್ಲ. ಕೊನೆಗೆ ಬೊಮ್ಮಕ್ಕ ಬಂದು ಬ್ರಾಂದಿ ಬಾಟಲಿಯನ್ನು ಲೋಟಕ್ಕೆ ಬಗ್ಗಿಸಿ ಅವರ ಮುಂದೆ ಹಿಡಿದಳು. “ನಾನೇ ಕಾಸಿದ್ದು, ಕುಡ್ದ್ ನೋಡ್ರಿ. ಹಳೇದಾಗೈತೆ.” ಅವರು ನಾಲಗೆಗೆ ಮುಟ್ಟಿಸಿ ಮುಖ ಕಿವಿಚಿದರು. ಮಿಕ್ಕ ಸೀಸೆಗಳನ್ನೂ ಮೂಸಿದರು. ಪಾನಕವನ್ನು ತಮ್ಮ ಕಣ್ಣೆದುರೇ ಹಿತ್ತಲಿನ ಚರಂಡಿಗೆ ಸುರಿಸಿ, “ನೆರೆಯವನು ಅಂತ ಬಿಡ್ತೀನಿ” ಎಂದು ಹೋದರು.

ದೊರೆ ನಿಧಾನವಾಗಿ ಕೈ ತೊಳೆದುಕೊಂಡರು. ಊಟಕ್ಕೆ ಬೊಮ್ಮಕ್ಕನನ್ನು ಹೊಗಳಿದರು. ಹೊಸಿಲಲ್ಲಿ ನಿಂತು ನನಗೆ ಹೇಳಿದರು: “ಕುಡಿಯೋದಿಲ್ಲ ಅಂದಿದ್ದರೆ ಅವತ್ತೇ ಫಸಲು ಕೊಡ್ತಿದ್ದೆ. ಟೀಯನ್ನ ಬ್ರಾಂದಿ ಅನ್ನೋರು ನನ್ನ ಏಲಕ್ಕಿಯನ್ನ ಹೇಗೆ ತೂಗ್ತೀರೋ.”

ಫಸಲು ಬೋಡಿ ಪಟ್ಟಣದ ವ್ಯಾಪಾರಿಗೆ ಹೋಯಿತು. ಬೊಮ್ಮಕ್ಕ ತನ್ನ ಹಿತ್ತಾಳೆ ಪಾತ್ರೆಗಳನ್ನು ಗಾಜಿಲ್ಲದ ಬೀರುವಿಗೆ ಮತ್ತೆ ಜೋಡಿಸಿದಳು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅದು ಟೀ ಎಂಬುದನ್ನು ಊರಿನಲ್ಲಿ ಯಾರೂ ನಂಬಲಿಲ್ಲ. ಸಂಜೆಯಾದರೆ ಗುರುತಿನವರು ಬಂದು ಜಗಲಿಯಲ್ಲಿ ಕೂರುತ್ತಾರೆ, ಅತ್ತ ಇತ್ತ ನೋಡಿ, “ಅಣ್ಣಾ, ಅದ ಒಂದೀಟು...” ಎಂದು ಪಿಸುಗುಡುತ್ತಾರೆ. ಬೊಮ್ಮಕ್ಕ ಒಳಗಿನಿಂದ ಟೀ ತಂದುಕೊಡುತ್ತಾಳೆ. ಕುಡಿದು, ಕಣ್ಣು ಮಿಟುಕಿಸಿ, “ಶಾನೆ ಚೆನ್ನಾಗೈತೆ” ಎನ್ನುತ್ತಾರೆ. ಮೊನ್ನೆ ಒಬ್ಬ ತೂರಾಡಿಕೊಂಡೇ ಮನೆಗೆ ಹೋದ. ಅವನ ಹೆಂಡತಿ ಬಂದು ಬೀದಿಯಲ್ಲಿ ನಿಂತು, ಗಂಡನನ್ನು ಕೆಡಿಸಿದೆಯೆಂದು ಮಣ್ಣು ತೂರಿ ನನಗೆ ಶಾಪ ಹಾಕಿದಳು.